ಅಡಿಟಿಪ್ಪಣಿಯ ಹೆಸರು

ಕ್ವೇಕರ್ಸ್ ಹಿಲ್, ಸಿಡ್ನಿ
18 ಸೆಪ್ಟೆಂಬರ್ 1994

ಚಿ. ಆರತಿಗೆ ಅಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರೋಗ್ಯ. ಕ್ರಾನ್‌ಬರ್ನಿನ ಹೊಸ ಮನೆಗೆ ನೀವು ಒಗ್ಗಿಕೊಂಡಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಲೇಖನ ಕೈಸೇರಿ ಮೂರು ವಾರವಾಯಿತು. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಓದ್ತಾ ಇದೀನಮ್ಮ" ಎಂದೆ. ಅದು ಸುಳ್ಳು. ಬಂದ ದಿನವೇ ಕೂತಲ್ಲಿಂದ ಏಳದೆ ಓದಿ ಮುಗಿಸಿದ್ದೆ. ಉತ್ತರ ಬರೆಯುವುದಕ್ಕೆ ಮನಸ್ಸು ಬರಲಿಲ್ಲ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಮೊದಲು ಮನೆಯ ಸುದ್ದಿ. ನಿನ್ನ ಅಣ್ಣ ಭಾಸ್ಕರ ಬೆಳಕು ಹರಿಯುವ ಮೊದಲೇ ನಾರ್ತ್ ಸಿಡ್ನಿಯ ಆಫೀಸಿಗೆ ಹೊರಟು, ಉಳಿದ ನಿದ್ದೆಯನ್ನು ಟ್ರೇನಿನಲ್ಲಿ ಮುಗಿಸುತ್ತಾನೆ. ಅವನ ಮಗಳು ಮಾಯಾ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದನ್ನು ಬಿಟ್ಟಿಲ್ಲ. ನಿನ್ನ ಲೇಖನ ಹಿಡಿದು ನಾನು ಮುಖ ಗಂಟಿಕ್ಕಿಕೊಂಡಿದ್ದನ್ನು ನೋಡಿ, "ತಾತ, ಈಸ್ ಅತ್ತೆ ಬೀಯಿಂಗ್ ಮೀನ್ ಟು ಯೂ?" ಎಂದಳು. "ಇಲ್ಲಮ್ಮ, ವಿಮರ್ಶೆ ಮಾಡಿದಾಳೆ" ಎಂದೆ. "ಸೇಮ್ ಥಿಂಗ್" ಎಂದು ಹೇಳಿ ಹೋದಳು.

ಇನ್ನು ಲೇಖನ. ಇಂಗ್ಲೆಂಡಿನ ಹಳ್ಳಿಯ ಬದುಕಿನ ಆ ವಿಕ್ಟೋರಿಯನ್ ಕಾದಂಬರಿಯನ್ನು ನೂರು ವರ್ಷಗಳಿಂದ ಯಾರು ಯಾರು ಹೊಗಳಿದರು, ಏಕೆ ಹೊಗಳಿದರು ಎಂದು ಒಬ್ಬೊಬ್ಬರನ್ನೇ ಹಿಡಿದು ವಿಚಾರಿಸಿದ್ದೀಯೆ. ಲಂಡನ್ನಿನ ಒಬ್ಬ ದೊಡ್ಡ ವಿಮರ್ಶಕ ಆ ಹಳ್ಳಿಯನ್ನು ರೈಲಿನ ಕಿಟಕಿಯಿಂದ ನೋಡಿಯೇ ಹೊಗಳಿರಬೇಕು ಎಂದು ಬರೆದಿರುವ ಕಡೆ ಗಟ್ಟಿಯಾಗಿ ನಕ್ಕೆ. ಪುಟ ತಿರುಗಿಸಿದರೆ ಅಲ್ಲಿ ನಾನೇ ಇದ್ದೆ.

ಮೈಸೂರಿನಲ್ಲಿ ಬಿ.ಎ. ಹುಡುಗರಿಗೆಂದು ನಾನು ತಂದ ಆವೃತ್ತಿಯ ಇಂಗ್ಲಿಷ್ ಮುನ್ನುಡಿಯಿಂದ ಒಂದು ವಾಕ್ಯ ಎತ್ತಿಕೊಂಡಿದ್ದೀಯೆ. "ಈ ಊರಿನ ಹೆಂಗಸರು ಒಲೆಯ ಮೇಲಿರುವುದನ್ನು ಇಳಿಸಿ ಆಮೇಲೆ ಅಳುತ್ತಾರೆ, ಅದಕ್ಕೇ ಅವರ ಅಳುವನ್ನು ನಂಬಬಹುದು." ಮಗ ಸತ್ತ ಸುದ್ದಿ ಕೇಳಿದ ರೈತನ ಹೆಂಡತಿ, ಬೇಯುತ್ತಿದ್ದ ಬ್ರೆಡ್ಡನ್ನು ಮೊದಲು ತೆಗೆದಿಟ್ಟು ಆಮೇಲೆ ನೆಲಕ್ಕೆ ಕೂರುವ ಅಧ್ಯಾಯದ ಮಾತು ಅದು. ಅದರ ಕೆಳಗೆ ನಿನ್ನ ತೀರ್ಪು: ಒಲೆ ಹಚ್ಚಿ ಗೊತ್ತಿಲ್ಲದ ಗಂಡಸು ಆರಾಮಕುರ್ಚಿಯಲ್ಲಿ ಕೂತು ಹೆಂಗಸರ ದುಡಿಮೆಗೆ ಕೊಟ್ಟ ಸರ್ಟಿಫಿಕೇಟು. ಅಡಿಟಿಪ್ಪಣಿಯಲ್ಲಿ ನನ್ನ ಪೂರ್ತಿ ಹೆಸರು. ಅಪ್ಪನೆಂದು ವಿನಾಯಿತಿ ಕೊಟ್ಟಿಲ್ಲ, ಅದು ಸರಿಯೇ.

ನಮ್ಮ ಪರೀಕ್ಷೆಗಳ ಪದ್ಧತಿ ನಿನಗೆ ಗೊತ್ತು. ಕಾದಂಬರಿ ಓದದಿದ್ದರೂ ನಾಲ್ಕು ವಿಮರ್ಶಕರ ಹೊಗಳಿಕೆಯನ್ನು ಉರು ಹೊಡೆದುಕೊಂಡು ಬಂದರೆ ಪಾಸು. "ಪ್ರೊಫೆಸರ್ ಉಮಾಶಂಕರ ಹೇಳುವಂತೆ" ಎಂದು ಆ ವಾಕ್ಯ ಬಾರದ ಉತ್ತರಪತ್ರಿಕೆಯೇ ಇರಲಿಲ್ಲ. ದೊಡ್ಡ ಹೆಸರು ಜೊತೆಗಿಲ್ಲದ ಮಾತಿಗೆ ಮಾರ್ಕ್ಸ್ ಬೀಳುತ್ತಿರಲಿಲ್ಲ. ಹೊಗಳಿದವರನ್ನೇ ಎಲ್ಲರೂ ಮತ್ತೆ ಹೊಗಳುತ್ತಾ ಹೋದರು ಎಂದು ನೀನು ಬರೆದದ್ದನ್ನು ನಾನು ಒಪ್ಪುತ್ತೇನೆ.

ಒಲೆ ಹಚ್ಚಿ ಗೊತ್ತಿಲ್ಲ ಎಂಬುದೂ ನಿಜ. ನಿಮ್ಮಮ್ಮ ಹೋಗಿ, ನಾನು ಇಲ್ಲಿಗೆ ಬಂದ ಮೇಲೆಯೇ ಕಾಫಿ ಮಾಡಲು ಕಲಿತದ್ದು. ನಿನ್ನ ಅತ್ತಿಗೆ "ಚೆನ್ನಾಗಿದೆ ಮಾವ" ಎನ್ನುತ್ತಾಳೆ, ಲೋಟದಲ್ಲಿ ಮಾತ್ರ ಅರ್ಧ ಉಳಿದಿರುತ್ತದೆ.

ಲೇಖನ ಚೆನ್ನಾಗಿದೆ. ಇಷ್ಟು ಧೈರ್ಯ ನನಗೆ ನಿನ್ನ ವಯಸ್ಸಿನಲ್ಲಿ ಇರಲಿಲ್ಲ. ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ತಪ್ಪಿದ್ದರೆ ಹೇಳಿ ಎಂದಿದ್ದೀಯೆ. ತಪ್ಪು ಒಂದೇ ಇದೆ. ಅದನ್ನು ಹೇಳದೆ ಬಿಟ್ಟುಬಿಡೋಣ ಎಂದುಕೊಂಡೇ ಇಷ್ಟು ದಿನ ಕಳೆದೆ.

ಅಳಿಯಂದಿರಿಗೂ ಮೊಮ್ಮಗ ಸಮೀರನಿಗೂ ನನ್ನ ಆಶೀರ್ವಾದ ತಿಳಿಸು. ನಿನ್ನ ಬುದ್ಧಿ ಹೀಗೇ ಹರಿತವಾಗಿರಲಿ, ಮೈ ಅದಕ್ಕಿಂತ ಗಟ್ಟಿಯಾಗಿರಲಿ.

ನಿನ್ನ ಅಪ್ಪ
ಉಮಾಶಂಕರ

ತಾ.ಕ.: ಆ ವಾಕ್ಯ ನನ್ನದಲ್ಲ, ನಿಮ್ಮಮ್ಮನದು. ಮುನ್ನುಡಿ ಬರೆಯುತ್ತಿದ್ದ ದಿನಗಳಲ್ಲಿ ಅವಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಆ ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಕೇಳಿ ಮುಗಿಸಿ, "ಒಲೆ ಮೇಲಿರೋದನ್ನ ಇಳಿಸಿ ಆಮೇಲೆ ಅಳ್ತಾಳಲ್ಲ, ಅವಳ ಅಳು ನಂಬಬೋದು ಕಣ್ರೀ" ಎಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅವಳ ಹೆಸರನ್ನೇ ಹಾಕುತ್ತೇನೆ ಎಂದರೆ ಒಪ್ಪಲಿಲ್ಲ. "ಅಹಲ್ಯಾ ಹೇಳೋ ಹಾಗೆ ಅಂತ ಬರೆದ್ರೆ ಆ ಹುಡುಗ್ರಿಗೆ ಯಾರು ಮಾರ್ಕ್ಸ್ ಕೊಡ್ತಾರೆ? ನಿಮ್ ಹೆಸ್ರೇ ಇರ್ಲಿ ಬಿಡಿ" ಎಂದು ನಕ್ಕಳು.

ಅದರ ಹಿಂದಿನ ವರ್ಷ ನಿನ್ನ ಅಜ್ಜಿ, ಅವಳ ತಾಯಿ, ತೀರಿಕೊಂಡ ಟೆಲಿಗ್ರಾಂ ಬೆಳಿಗ್ಗೆಯೇ ಬಂದಿತ್ತು. ನಿಮ್ಮಮ್ಮ ಓದಿ ಮಡಿಸಿಟ್ಟು, ಒಲೆಯ ಮೇಲಿದ್ದ ಉಪ್ಪಿಟ್ಟು ಇಳಿಸಿ ನಿನ್ನ ಡಬ್ಬಿಗೆ ಹಾಕಿ, ನಿನ್ನ ತಲೆ ಬಾಚಿದಳು. ಜಡೆ ಬಿಗಿಯಾಯಿತು ಎಂದು ನೀನು ರೇಗುತ್ತಲೇ ಸ್ಕೂಲಿಗೆ ಹೋದೆ. ನೀನು ಗೇಟು ದಾಟಿದ ಮೇಲೆ ಅವಳು ಕೂತಳು.

ನನ್ನನ್ನು ಏನಾದರೂ ಅನ್ನು ತಾಯಿ, ತಡೆದುಕೊಳ್ಳುತ್ತೇನೆ. ಅವಳಿಗೆ ಒಲೆ ಗೊತ್ತಿಲ್ಲ ಎಂದು ನೀನೇ ಬರೆದದ್ದನ್ನು ನುಂಗಲಾಗುತ್ತಿಲ್ಲ. ವಾಕ್ಯವನ್ನು ತೆಗೆಯಬೇಡ. ಅಡಿಟಿಪ್ಪಣಿಯಲ್ಲಿ ನನ್ನ ಹೆಸರು ಹೊಡೆದು ಅಹಲ್ಯಾ ಎಂದು ಬರೆ. ಈಗ ಮಾರ್ಕ್ಸ್ ಕೊಡುವವಳು ನೀನೇ.