ಅವನಿಗೆ ಉಸಿರಾಡಲು ಹೇಳಬೇಕಿತ್ತು

ಹೃದಯ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಎಕೋ ಕೋಣೆಯಲ್ಲಿ, ಹೃದಯದ ಸ್ಕ್ಯಾನ್ ಮಾಡುವಾಗ, ನನ್ನ ತಮ್ಮನಿಗೆ ಉಸಿರು ಹಿಡಿಯಲು ಹೇಳಿದಿರಿ. ಅವನು ಹಿಡಿದ. ಅವನಿಗಿದ್ದ ಕಾಯಿಲೆ ಚೆನ್ನಾಗಿ ಸಿಕ್ಕಿಬೀಳುವುದು ಉಸಿರಾಡುವಾಗ ಎಂಬುದು ನಿಮಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದು ಹೊಟ್ಟೆಯುರಿ, ಪುರುಸೊತ್ತಿದ್ದರೆ ಅದನ್ನೂ ಓದಿ.

ಅವನು ಲಿಫ್ಟ್ ರಿಪೇರಿಯವನು. ಕಾಲು ಬಾತು, ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ಕುತ್ತಿಗೆಯ ನರ ಉಬ್ಬಿಸಿಕೊಂಡು ನಿಮ್ಮ ಆಸ್ಪತ್ರೆಗೆ ಬಂದಾಗ ಹೊರರೋಗಿ ವಿಭಾಗದ ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ವರ್ಷದಿಂದ ಕುಡೀತಿದ್ದೀರಿ?" "ನಾನು ಕುಡಿಯೋದೇ ಇಲ್ಲ ಸಾರ್" ಎಂದ. "ಎಲ್ಲರೂ ಹೀಗೇ ಹೇಳ್ತಾರೆ ಬಿಡಿ" ಎಂಬ ಉತ್ತರ ಬಂತು. ಲಿವರ್ ಊದಿದೆ, ಆದ್ದರಿಂದ ಕುಡುಕ. ಎಂಥ ಸಲೀಸಾದ ತೀರ್ಪು! ಅವನ ಹೆಂಡತಿ ಆ ಮಾತು ನಂಬಿ, ಅವನ ಸ್ಪ್ಯಾನರ್ ಪೆಟ್ಟಿಗೆಯನ್ನು ನೆಲಕ್ಕೆ ಸುರಿದು ಬಾಟಲಿ ಹುಡುಕಿದಳು. ಅವನು ಸ್ಪ್ಯಾನರ್‌ಗಳನ್ನೆಲ್ಲ ಆರಿಸಿ ಮತ್ತೆ ಒಳಗಿಟ್ಟ. ಹಿಂದೊಮ್ಮೆ ಅವನ ಹೃದಯದ ಸುತ್ತ ನೀರು ಕಟ್ಟಿತ್ತಲ್ಲ, ಅದನ್ನಾದರೂ ನೋಡಿ ಎಂದು ಜಗಳವಾಡಿ ನಿಮ್ಮ ವಿಭಾಗಕ್ಕೆ ಕರೆತಂದವಳು ನಾನು.

ಆ ಕೋಣೆ ನನ್ನ ಕಣ್ಣು ಬಿಟ್ಟು ಹೋಗುತ್ತಿಲ್ಲ. ಅರೆಗತ್ತಲು, ತಣ್ಣನೆಯ ಜೆಲ್, ಎಡಕ್ಕೆ ಮಗ್ಗುಲಾಗಿ ಮಲಗಿದ ತಮ್ಮ, ಗೋಡೆಯ ಮೇಲೆ ನಿಮ್ಮ ಸಹಿಯ ಬೋರ್ಡು: 'ಹೇಳಿದಾಗ ಉಸಿರು ಹಿಡಿಯಿರಿ. ಸಹಕರಿಸಿ.' ಇವನಿಗೆ ಹೇಳಿಕೊಡಬೇಕೇ? ಚಿಕ್ಕವನಿದ್ದಾಗ ನೀರಿನ ತೊಟ್ಟಿಯಲ್ಲಿ ಮುಖ ಮುಳುಗಿಸಿ ಕೂರುವುದೇ ಅವನ ಆಟ, ಪಕ್ಕದಲ್ಲಿ ಎಣಿಸುವುದು ನನ್ನ ಕೆಲಸ. ಎಲ್ಲರೂ ಅವನನ್ನು ಮೀನ ಎಂದೇ ಕರೆಯುತ್ತಿದ್ದರು. "ಸಾಕು, ಮೇಲೆ ಬಾರೋ" ಎಂದು ನಾನು ಹೇಳುವವರೆಗೂ ತಲೆ ಎತ್ತುತ್ತಿರಲಿಲ್ಲ, ಹಟಮಾರಿ. ಎಕೋ ಮಾಡುತ್ತಿದ್ದ ಡಾಕ್ಟರಮ್ಮ "ಹಿಡೀರಿ" ಎಂದಾಗಲೆಲ್ಲ ಆ ಏದುಸಿರಿನಲ್ಲೂ ಹಿಡಿದ. "ಎಷ್ಟು ಚೆನ್ನಾಗಿ ಸಹಕರಿಸ್ತೀರಿ!" ಎಂದು ಆಕೆ ಹೊಗಳಿದರು. ಅವನು ನನ್ನ ಕಡೆ ತಿರುಗಿ, "ನೋಡಿದ್ಯಾ ಅಕ್ಕಾ, ಈಗ್ಲೂ ನಾನೇ ಮೀನ" ಎಂದು ನಕ್ಕ. ನೀವು ಬಂದು ಪರದೆ ನೋಡಿ, "ಪಂಪಿಂಗ್ ಫಸ್ಟ್ ಕ್ಲಾಸ್. ಹೃದಯದಲ್ಲಿ ಏನೂ ಇಲ್ಲ, ಲಿವರ್ ನೋಡ್ಕೊಳ್ಳಿ" ಎಂದು ಹೇಳಿ ಹೋದಿರಿ.

ಆಮೇಲೆ ಬಹಳ ತಡವಾಗಿ ಬೇರೊಂದು ಆಸ್ಪತ್ರೆಯಲ್ಲಿ ಅದೇ ಜೆಲ್, ಅದೇ ಯಂತ್ರ. "ಹಿಡೀಬೇಕಾ?" ಎಂದು ಮೀನನೇ ಕೇಳಿದ. "ಬೇಡ ಬೇಡ, ಆರಾಮಾಗಿ ಉಸಿರಾಡಿ" ಎಂದರು ಅಲ್ಲಿಯ ಡಾಕ್ಟರು. ಅವನು ಉಸಿರು ಎಳೆದುಕೊಂಡಾಗ ಹೃದಯದ ನಡುಗೋಡೆ ಎಡಕ್ಕೆ ವಾಲಿತು, ಬಿಟ್ಟಾಗ ಬಲಕ್ಕೆ. ಬಿಟ್ಟಾಗಲೇ ಲಿವರಿನ ರಕ್ತನಾಳದಲ್ಲಿ ರಕ್ತ ಹಿಂದಕ್ಕೆ ನುಗ್ಗಿತು. ಹೃದಯದ ಸುತ್ತಲಿನ ಪೊರೆ ಗಟ್ಟಿಯಾಗಿಬಿಟ್ಟಿದೆ, ಒಳಗೆ ಹೃದಯಕ್ಕೆ ಹಿಗ್ಗಲು ಜಾಗವಿಲ್ಲ, ಹಿಂಡುವ ಶಕ್ತಿಗೇನೂ ಕೊರತೆಯಿಲ್ಲದ್ದರಿಂದ ಪಂಪಿಂಗ್ ಸರಿಯಾಗಿಯೇ ಕಾಣುತ್ತದೆ ಎಂದು ಅವರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಲಿವರ್ ಕೆಟ್ಟಿದ್ದೂ ಅದರಿಂದಲೇ. ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ "ಹಾಗಾದ್ರೆ ಇವರು ಕುಡಿದಿರಲಿಲ್ವಾ?" ಎಂದಳು. ಮಂಚದ ಬಳಿ ಬಂದು ಸೆರಗಿನಿಂದ ಅವನ ಎದೆಯ ಜೆಲ್ ಒರೆಸತೊಡಗಿದಳು.

ಪೊರೆ ಸುಲಿದು ತೆಗೆಯುವ ಆಪರೇಷನ್ ಮಾಡಿದರು. ಮೊದಲೇ ಬಂದಿದ್ದರೆ ಬದುಕುವ ಅವಕಾಶ ಚೆನ್ನಾಗಿತ್ತಂತೆ. ಅವನು ಕಣ್ಣು ಬಿಡಲಿಲ್ಲ.

ನಿಮ್ಮನ್ನು ಕೇಳಲು ಬಂದೆ. "ನೋಡಿ ಮೇಡಂ, ಚಿತ್ರ ಎಷ್ಟು ಕ್ಲಿಯರ್ ಆಗಿದೆ!" ಎಂದಿರಿ. ಹೌದು ಸ್ವಾಮಿ, ಬಹಳ ಚೆನ್ನಾಗಿದೆ, ಕಟ್ಟು ಹಾಕಿಸಿ ನಿಮ್ಮ ಕೋಣೆಯಲ್ಲಿ ತೂಗುಹಾಕಿಕೊಳ್ಳಿ. ನಿಂತ ಲಿಫ್ಟನ್ನು ಓಡಿಸಿ ನೋಡದೆ 'ಎಲ್ಲ ಸರಿಯಿದೆ' ಎಂದು ನನ್ನ ತಮ್ಮ ಬರೆದುಕೊಟ್ಟಿದ್ದರೆ ನೀವು ಅದರಲ್ಲಿ ಕಾಲಿಡುತ್ತಿದ್ದಿರಾ? ಹಿಂದೆ ಹೃದಯದ ಸುತ್ತ ನೀರು ಕಟ್ಟಿತ್ತು, ಈಗ ಹೊಟ್ಟೆ ಊದಿದೆ, ಕುತ್ತಿಗೆಯ ನರ ಉಬ್ಬಿದೆ, ಪಂಪಿಂಗ್ ಮಾತ್ರ ಚೆನ್ನಾಗಿದೆ. ಇಷ್ಟು ಸುಳಿವು ಮುಂದಿದ್ದಾಗ ಮತ್ತೊಮ್ಮೆ ನೋಡೋಣ ಎನಿಸಲು ಇನ್ನೇನು ಬೇಕಿತ್ತು?

ಪರಿಹಾರ ಬೇಡ, ಕ್ಷಮೆಯೂ ಬೇಡ. ಆ ಬೋರ್ಡನ್ನು ಕೆಳಗಿಳಿಸಿ. ಸ್ಪಷ್ಟ ಚಿತ್ರಕ್ಕೆ ಉಸಿರು ಹಿಡಿಸುವುದಾದರೆ ಹಿಡಿಸಿ. ಆದರೆ ಇಂಥವರನ್ನು ಮಂಚದಿಂದ ಎಬ್ಬಿಸುವ ಮುನ್ನ ಉಸಿರಾಡಲು ಬಿಟ್ಟು ಇನ್ನೊಮ್ಮೆ ನೋಡಲೇಬೇಕೆಂದು ಆದೇಶ ಹೊರಡಿಸಿ. ಮೊನ್ನೆ ನಿಮ್ಮನ್ನು ಕೇಳಲು ಬಂದ ದಿನ ನಿಮ್ಮ ಎಕೋ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿಂದ "ಹಿಡೀರಿ" ಎಂದದ್ದು ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು "ನಮ್ಮೆಜಮಾನ್ರು ಒಳಗಿದ್ದಾರೆ, ಹೊಟ್ಟೆ ಊದಿದೆ" ಎಂದರು. ನಾನು ಅಲ್ಲೇ ಎಣಿಸುತ್ತ ಕೂತೆ.

ಮನೆಯಲ್ಲೂ ಬಿಡುಗಡೆಯಿಲ್ಲ. ತೊಟ್ಟಿಗೆ ನೀರು ಬಿಟ್ಟರೆ ಸಾಕು, ಬಾಯಿ ತಾನಾಗಿ ಎಣಿಸತೊಡಗುತ್ತದೆ. ನೀರಿನ ಮೇಲೆ ಬಾಗಿ "ಸಾಕು, ಮೇಲೆ ಬಾರೋ" ಎನ್ನುತ್ತೇನೆ.

ಇಂತಿ,
ಎಣಿಕೆ ನಿಲ್ಲಿಸಲಾಗದ,
ಮೀನನ ಅಕ್ಕ