ಹೊರಗೆ ಮಡಚಿದ ಮೂಲೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತ ನನ್ನನ್ನು ಮನಸಾರೆ ಬೈದುಬಿಡು. ಇಷ್ಟು ದಿನ ಕೈ ತುಂಬ ಬಣ್ಣ, ತಲೆ ತುಂಬ ಗೋಡೆ.

ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಚಿತ್ರ ಬರೆಯುತ್ತಿದ್ದೇನೆ ಎಂದಿದ್ದೆನಲ್ಲ, ಮುಗಿಯಿತು. ಅಪ್ಪ ಕಾಂಪೌಂಡರ್ ಆಗಿದ್ದಾಗ ಔಷಧದ ಪುಡಿ ಕಟ್ಟಿಕೊಡುತ್ತಿದ್ದರಲ್ಲ, ಅಂಥದೊಂದು ಹಳೆಯ ಪೊಟ್ಟಣವನ್ನು ಬಿಚ್ಚಿ, ಕಾಗದದ ಮೇಲೆ ಉಳಿದ ಮಡಿಕೆಯ ಗೆರೆಗಳನ್ನೇ ಗೋಡೆಯುದ್ದಕ್ಕೂ ಹಿಗ್ಗಿಸಿದ್ದೇನೆ. ಮನುಷ್ಯರಿಲ್ಲ, ಹೂವಿಲ್ಲ, ನೀಲಿ, ಬೂದು, ಬಿಳಿ, ಅಷ್ಟೇ. ದೊಡ್ಡ ಡಾಕ್ಟರು ನೋಡಿ, "ಏನಮ್ಮಾ, ಹೊಸ ಗೋಡೆ ಆಗ್ಲೇ ಬಿರುಕು ಬಿಟ್ಟ ಹಾಗಿದೆ!" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಮುಂದುವರಿಸಿದರು: "ಬಲಗಡೆ ಆ ಚೂಪು ಮೂಲೆ ಕಣ್ಣಿಗೆ ಚುಚ್ಚುತ್ತೆ. ನಾಳೆ ನಾಡಿದ್ದರಲ್ಲಿ ಅಳಿಸಿ. ಇಲ್ಲಾಂದ್ರೆ ಪೂರ್ತಿ ಸುಣ್ಣ ಹೊಡೆಸ್ತೀನಿ." ಆ ಮೂಲೆಯೇ ಚಿತ್ರದ ಜೀವ, ಅಳಿಸುವುದಿಲ್ಲ ಎಂದು ನಾನೂ ಪಟ್ಟು ಹಿಡಿದೆ.

ಅಪ್ಪನಾದರೂ ನನ್ನ ಪರ ನಿಲ್ಲಲಿ ಎಂದು ನಿನ್ನೆ ಕರೆದೊಯ್ದೆ. ನೋಡಿದ್ದೇ ಅವರ ಮುಖ ಅರಳಿತು. ಗೆರೆಗಳ ಜಾಡು ಹಿಡಿದು ಗಾಳಿಯಲ್ಲೇ ಪೊಟ್ಟಣ ಮಡಚತೊಡಗಿದರು. ಮೂಲೆಗೆ ಬಂದಾಗ ಕೈ ನಿಂತಿತು.

"ಇದು ಹೊಟ್ಟೆಗೆ ಕೊಡೋ ಪುಡಿ ಅಲ್ಲ ಕಣೇ. ಹುಣ್ಣಿಗೆ ಹಚ್ಚೋದು, ವಿಷ. ಅದಕ್ಕೇ ಮೂಲೆ ಹೊರಕ್ಕೆ ಮಡಚ್ತಿದ್ದೆ, ಕತ್ತಲಲ್ಲೂ ಬೆರಳಿಗೆ ಗೊತ್ತಾಗ್ಲಿ ಅಂತ."

"ನಮಗೆ ಹೇಳೇ ಇರ್ಲಿಲ್ವಲ್ಲಪ್ಪ?"

"ನೀವು ಚಿಕ್ಕವರು. ನನ್ನ ಜೊತೆ ಕೂತು ಕಟ್ತಿದ್ದೋಳು ನಿಮ್ಮಮ್ಮ. ಅವಳಿಗೆ ಗೊತ್ತಿತ್ತು." ನನ್ನತ್ತ ತಿರುಗಿ ಕೇಳಿದರು: "ಈ ಕಾಗದ ನಿಂಗೆಲ್ಲಿ ಸಿಕ್ತು?"

ಹಳೇ ಪೆಟ್ಟಿಗೆಯಲ್ಲಿ ಎಂದು ಸುಳ್ಳು ಹೇಳಿದೆ. ಅವರು ನಂಬಲಿಲ್ಲ. ನಿನ್ನೆಯಿಂದ ಊಟ ಮುಟ್ಟಿಲ್ಲ. ನನ್ನನ್ನು ಕಂಡಾಗಲೆಲ್ಲ ಅದೇ ಪ್ರಶ್ನೆ. ಪಕ್ಕದ ಕೋಣೆಯಲ್ಲಿ ಅವರ ಕುರ್ಚಿ ಕಿರುಗುಟ್ಟಿದರೂ ಈ ಪತ್ರವನ್ನು ಮುಚ್ಚಿಡುತ್ತೇನೆ.

ನಾಳೆ ಮೂಲೆ ಅಳಿಸಿಬಿಡುತ್ತೇನೆ. ಡಾಕ್ಟರು ಗೆದ್ದೆ ಎಂದು ಬೀಗಲಿ. ಆದರೆ ಅಪ್ಪನಿಗೆ ಏನು ಹೇಳಲಿ? ನನಗೆ ಭಯವಾಗುತ್ತಿದೆ. ಪತ್ರ ಕೈಗೆ ಸಿಕ್ಕ ಕೂಡಲೇ ಹೊರಟು ಬಾ.

ಭಾವನಿಗೆ ನಮಸ್ಕಾರ. ನಿನ್ನ ಮಗಳು ಸದಾ ನಗುನಗುತ್ತಾ ಬೆಳೆಯಲಿ.

ನಿನ್ನ
ಬಾಲಂಗೋಚಿ

ಮೇಲೆ ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಅಮ್ಮ ಹೋದ ಬೆಳಗ್ಗೆ ಅವಳ ದಿಂಬಿನಡಿ ಸಿಕ್ಕ ಪೊಟ್ಟಣ ಅದು. ಅವಳು ಮುಟ್ಟಿದ ಕೊನೆಯ ವಸ್ತು ಎಂದು ಇಷ್ಟು ವರ್ಷ ಜೋಪಾನ ಮಾಡಿದ್ದೆ. ಹೃದಯ ನಿಂತು ತೀರಿಕೊಂಡಳು ಎಂದೇ ಅಲ್ಲವೇ ನಾವೆಲ್ಲ ನಂಬಿದ್ದು? ಪೊಟ್ಟಣ ಖಾಲಿಯಾಗಿತ್ತು ಅಕ್ಕಾ. ಅವಳ ಮೈಮೇಲೆ ಒಂದೇ ಒಂದು ಹುಣ್ಣಿರಲಿಲ್ಲ.