ಹನ್ನೆರಡನೆಯ ದಿಂಬು

ಜೆಪಾರಾ, ಭಾನುವಾರ

ಪ್ರೀತಿಯ ತುಮಿನಾ ಅಕ್ಕನಿಗೆ,

ಬೇಲಿಯಾಚೆ ಇರುವವಳಿಗೆ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ನಮ್ಮ ಹಿತ್ತಿಲ ಬೂರುಗದ ಕಾಯಿಗಳು ಒಡೆದು ಹತ್ತಿಯೆಲ್ಲ ನೀನು ಒಣಹಾಕಿದ ಬಟ್ಟೆಗೆ ಮೆತ್ತಿಕೊಂಡಿದೆ. ಪ್ರತಿವರ್ಷ "ಆ ದರಿದ್ರ ಮರ ಕಡಿಸೇ!" ಎಂದು ಕೂಗುವವಳು ಈ ಸಲ ಸುಮ್ಮನಿದ್ದೀಯ. ನನಗೆ ಅದೇ ಭಯ.

ಸ್ತನದ ಆಪರೇಷನ್ ಆದ ಹೆಂಗಸರು ಕಂಕುಳಲ್ಲಿ ಇಟ್ಟುಕೊಳ್ಳಲೆಂದು ನಾನು ಪುಟ್ಟ ದಿಂಬು ಹೊಲಿದು ಆಸ್ಪತ್ರೆಗೆ ಕೊಡುವುದು ನಿನಗೆ ಗೊತ್ತಲ್ಲ. ಈ ತಿಂಗಳು ಹನ್ನೆರಡು ಹೊಲಿದೆ. ಅಷ್ಟರಲ್ಲಿ ಬದನೆ ಗಿಡಗಳು ನೀರಿಲ್ಲದೆ ಬಾಡಿದವು. ನನ್ನ ಗಂಡ ಸರ್ವೊನೊ, "ಅವಕ್ಕೂ ಒಂದೊಂದು ದಿಂಬು ಕೊಡು ಮಾರಾಯ್ತಿ, ಮಲಗೇಬಿಟ್ಟಿವೆ" ಎಂದು ರೇಗಿಸುತ್ತಾರೆ.

ಸೆಮಾರಾಂಗ್ ಪಟ್ಟಣಕ್ಕೆ ಮದುವೆಗೆ ಹೋಗಿದ್ದೆ ಎಂದು ನೀನು ಹೇಳಿದೆ. ಆದರೆ ಮದುವೆಮನೆಯವರು ಕಟ್ಟಿಕೊಡುವ ಅನ್ನದ ಬುಟ್ಟಿ ನಿನ್ನ ಜೊತೆ ಬರಲಿಲ್ಲ. ಎಡಗೈ ಚಾಚಿದ ಮಕ್ಕಳಿಗೆ ಏಟು ಕೊಡುವವಳು, ಮೊನ್ನೆ ನನಗೆ ತಟ್ಟೆಯನ್ನು ಎಡಗೈಯಲ್ಲೇ ಕೊಟ್ಟೆ. ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಯಾರಿಗೂ ಹೇಳಿಲ್ಲ.

ಗುರುವಾರ ಬಾ. ಹತ್ತಿಯಿಂದ ಬೀಜ ಬಿಡಿಸಬೇಕು. ಕೂತಲ್ಲೇ ಒಂದು ಕೈಯಲ್ಲಿ ಆಗುವ ಕೆಲಸ. ನಿನಗೆ ಇಷ್ಟವಾದ ತೆಂಗಿನಕಾಯಿ ಹಾಕಿದ ಅಲಸಂದೆ ಪಲ್ಯ ಮಾಡಿರುತ್ತೇನೆ.

ಆಸ್ಪತ್ರೆಗೆ ಹನ್ನೊಂದೇ ದಿಂಬು ಕಳಿಸಿದೆ. ಹನ್ನೆರಡನೆಯದು ಈ ಕಾಗದದ ಜೊತೆಗಿದೆ. ಬಲಗಡೆ ಇಟ್ಟುಕೋ. ಒಳಗಿರುವುದು ಆ ದರಿದ್ರ ಮರದ ಹತ್ತಿಯೇ. ಬಂದು ಬಾಯಿತುಂಬ ಬಯ್ಯಿ.

ನಿನ್ನ ತಂಗಿ,
ವಾರ್ಸಿನಿ